ನಡು ಅವ್ವನದು, ಅಂಚು ಮೌಶಿಯದು

ಸುಗ್ಗಿ ಹಬ್ಬದ ಊಟಕ್ಕೆ ಈ ಸಲ ಥರ್ಮಾಕೋಲ್ ತಟ್ಟೆ ಬೇಡ, ಪ್ಲಾಸ್ಟಿಕ್ ಹಾಳೆ ಅಂಟಿಸಿದ ಕಾಗದದ ತಟ್ಟೆಯೂ ಬೇಡ ಎಂದು ನಮ್ಮ ಚರ್ಚಿನ ಹೆಂಗಸರ ಸಂಘದಲ್ಲಿ ತೀರ್ಮಾನವಾದ ದಿನ ಎಲ್ಲರಿಗಿಂತ ಜೋರಾಗಿ ಮಾತಾಡಿದವಳು ನಾನು. ನಾನು ನರ್ಸಾಗಿದ್ದು ನಿವೃತ್ತಳಾದವಳು. ವಾರ್ಡಿನಲ್ಲಿ ದನಿ ಏರಿಸದಿದ್ದರೆ ಮಂದಿ ಮಾತ್ರೆ ನುಂಗುವುದಿಲ್ಲ, ಕಿಟಕಿಯಿಂದ ಉಗುಳುವುದನ್ನೂ ಬಿಡುವುದಿಲ್ಲ. ನೌಕರಿ ಮುಗಿದರೂ ಆ ದನಿ ನನ್ನ ಹತ್ತಿರವೇ ಉಳಿದಿದೆ. ಬೀದರಿನ ಮೈಲೂರು ಬಡಾವಣೆಯ ನಮ್ಮ ಓಣಿಗೆ ಬರುವ ತರಕಾರಿ ಗಾಡಿಯವನು ನನ್ನ ಮನೆ ಸಮೀಪಿಸಿದಾಗ ಪ್ಲಾಸ್ಟಿಕ್ ಚೀಲಗಳನ್ನು ಗೋಣಿಯ ಕೆಳಗೆ ಮುಚ್ಚಿಡುತ್ತಾನೆ.

ಆ ದಿನ ಮೇಜಿನ ಮೇಲೆ ಒಂದಿಷ್ಟು ಮಾದರಿಗಳನ್ನು ಹರಡಿಕೊಂಡು ಕೂತಿದ್ದೆವು. ಭಾಲ್ಕಿಯಲ್ಲಿ ಶಿಕ್ಷಕಿಯಾಗಿರುವ ಒಬ್ಬಾಕೆ ಕಬ್ಬಿನ ಸಿಪ್ಪೆಯಿಂದ ಮಾಡಿದ ತಟ್ಟೆಗಳ ಕಟ್ಟು ತಂದಿದ್ದಳು. ತಟ್ಟೆ ಗಟ್ಟಿಯಾಗಿತ್ತು, ಬಿಸಿ ಸಾರು ಸುರಿದರೂ ಮೆತ್ತಗಾಗಲಿಲ್ಲ. ಆದರೆ ಕಟ್ಟಿನ ಸುತ್ತ ಮಾತ್ರ ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ ಹೊದಿಕೆ. ನಾನು ಅದನ್ನು ಎತ್ತಿ ತೋರಿಸಿ ನಕ್ಕೆ. ಸುತ್ತಮುತ್ತ ಎಲ್ಲಿ ನೋಡಿದರೂ ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಕಬ್ಬಿನ ತಟ್ಟೆ ಎಲ್ಲಿಂದಲೋ ಲಾರಿಯಲ್ಲಿ ಬರಬೇಕು ಎಂಬುದೂ ನನಗೆ ನಗುವಿನ ವಿಷಯವೇ. ಇನ್ನೊಬ್ಬಾಕೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ಚೀಲ ತಂದಿದ್ದಳು. ಮುಟ್ಟಿದರೆ ಮೆತ್ತಗೆ, ಮಗುವಿನ ಕಿವಿಯ ಹಾಗೆ. ಮಣ್ಣಿನಲ್ಲಿ ಹೂತರೆ ಕರಗಿ ಹೋಗುತ್ತದಂತೆ. ಅದನ್ನು ನಮ್ಮ ಮನೆಗೆ ಕೊಟ್ಟರೆ ಕರಗಲಿಕ್ಕೆ ಅವಕಾಶವೇ ಸಿಗುವುದಿಲ್ಲ, ಅವ್ವ ಅದನ್ನೂ ತೊಳೆದು ಒಣಗಿಸಿ ಮಡಚಿ ಬಾಗಿಲ ಹಿಂದಿನ ಚೀಲದಲ್ಲಿ ಇಡುತ್ತಾಳೆ ಅಂದುಕೊಂಡೆ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ವಯಸ್ಸಾದ ಒಬ್ಬರು ಹೇಳಿದರು:

"ನಾವು ಸಣ್ಣವರಿದ್ದಾಗ ಮುತ್ತಲ ಎಲಿ ಮ್ಯಾಲ ಉಣ್ತಿದ್ದಿವಲ್ರಿ. ಈಗ ಹಚ್ಚವರು ಯಾರೂ ಉಳಿದಿಲ್ಲೇನ್ರಿ?"

ನಮ್ಮ ಕಡೆ ಎಲೆಗಳನ್ನು ಜೋಡಿಸಿ ಕಡ್ಡಿ ಚುಚ್ಚಿ ಪತ್ರೋಳಿ ಮಾಡುವುದಕ್ಕೆ ಹಚ್ಚುವುದು ಅನ್ನುತ್ತಾರೆ. ಹಚ್ಚುವವರು ಉಳಿದಿಲ್ಲವೇ ಅಂದರೆ ನಾನು ಸುಮ್ಮನಿರುತ್ತೇನೆಯೇ?

"ನಮ್ಮವ್ವಗ ಬರ್ತದ್ರಿ" ಅಂದೆ. "ಆಕಿನೇ ಬಂದು ಎಲ್ಲರಿಗೂ ಕಲಸ್ತಾಳ."

ಅವ್ವನನ್ನು ಒಂದು ಮಾತೂ ಕೇಳದೆ ಹೇಳಿದ್ದೆ. ಆದರೆ ಮನೆಗೆ ಬಂದು ತಿಳಿಸಿದಾಗ ಅವ್ವನ ಮುಖ ನೋಡಬೇಕಿತ್ತು. ಹಾಸಿಗೆಯ ಮೇಲೆ ಒರಗಿದ್ದವಳು ಎದ್ದು ಕೂತಳು. ಕೂದಲು ಕಟ್ಟಿಕೊಂಡಳು. ಎಲೆ ಬಲಿತಿರಬೇಕು, ಎಳೆಯದು ತಂದರೆ ತಿರುಗಿ ಕಳಿಸುತ್ತೇನೆ, ಕಡ್ಡಿ ಸಣ್ಣಗೆ ಸೀಳಿರಬೇಕು, ಎಲೆಯ ಮೇಲೆ ಹಿಂದಿನ ದಿನವೇ ನೀರು ಚಿಮುಕಿಸಿ ಇಡಬೇಕು ಎಂದು ಒಂದಾದ ಮೇಲೊಂದು ಹುಕುಂ ಕೊಡತೊಡಗಿದಳು. ನನ್ನ ದನಿ ಎಲ್ಲಿಂದ ಬಂತು ಎಂದು ಕೇಳುವವರು ಆ ಸಂಜೆ ನಮ್ಮ ಮನೆಗೆ ಬಂದಿದ್ದರೆ ತಿಳಿಯುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ. ಅಪ್ಪ ಅಲ್ಲಿ ಸಾಲಿ ಮಾಸ್ತರರು. ನಾವು ಮೆಥಡಿಸ್ಟ್ ಮಂದಿ, ಊರಲ್ಲಿ ಇದ್ದದ್ದು ಕೆಲವೇ ಮನೆ, ಒಂದು ಸಣ್ಣ ಪ್ರಾರ್ಥನಾ ಮಂದಿರ. ನಮ್ಮ ಮನೆಯ ಎದುರು ಓಣಿ ದಾಟಿದರೆ ಮೌಶಿಯ ಮನೆ. ಮೌಶಿ ಅಂದರೆ ನಮ್ಮ ಕಡೆ ಚಿಕ್ಕಮ್ಮ. ಆಕೆ ನಮಗೆ ರಕ್ತಸಂಬಂಧಿಯಲ್ಲ. ಬಸವಣ್ಣನವರ ದಾರಿಯಲ್ಲಿ ನಡೆಯುವ ಒಕ್ಕಲು ಮನೆತನದ ಹೆಣ್ಣುಮಗಳು, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಅವ್ವನಿಗಿಂತ ವಯಸ್ಸಿನಲ್ಲಿ ಒಂದಿಷ್ಟು ಚಿಕ್ಕವಳು, ಎತ್ತರದಲ್ಲಿ ಬಹಳ ದೊಡ್ಡವಳು. ಇಬ್ಬರೂ ಸೊಸೆಯರಾಗಿ ಆ ಓಣಿಗೆ ಬಂದದ್ದು ಒಂದೇ ಬೇಸಿಗೆಯಲ್ಲಂತೆ.

ಮಳೆ ಹಿಡಿದು ಮುತ್ತಲ ಗಿಡದ ಎಲೆ ಬಲಿಯುತ್ತಿದ್ದಂತೆ ಇವರಿಬ್ಬರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಊರ ಹೊರಗಿನ ಕುರುಚಲು ಕಾಡಿಗೆ ಹೋಗಿ ಸೀರೆಯ ಸೆರಗು ಸಾಲದೆ ಚಾದರದಲ್ಲಿ ಎಲೆ ಕಟ್ಟಿಕೊಂಡು ತಲೆಯ ಮೇಲೆ ಹೊತ್ತು ಬರುತ್ತಿದ್ದರು. ನಮ್ಮ ಪಡಸಾಲೆಯ ತುಂಬ ಹಸಿ ಎಲೆಯ ವಾಸನೆ. ಸ್ವಲ್ಪ ಒಗರು, ಸ್ವಲ್ಪ ಮಳೆಯದು. ಈಗಲೂ ಅರಣ್ಯದ ಕಡೆ ಬಸ್ಸಿನಲ್ಲಿ ಹೋಗುವಾಗ ಆ ವಾಸನೆ ಬಂದರೆ ನನಗೆ ಸುಮ್ಮನೆ ಹಸಿವಾಗುತ್ತದೆ.

ಮುತ್ತಲದ ತೊಟ್ಟಿಗೆ ಮೂರು ಎಲೆ. ಇದರ ಮೇಲೆ ಇಬ್ಬರಿಗೂ ಪ್ರತಿ ವರ್ಷ ಒಂದು ಜಗಳ ಇದ್ದೇ ಇರುತ್ತಿತ್ತು. ತಂದೆ, ಮಗ, ಪವಿತ್ರಾತ್ಮ ಎಂದು ಅವ್ವ ಒಂದೊಂದೇ ಎಲೆ ಮುಟ್ಟಿ ತೋರಿಸುತ್ತಿದ್ದಳು.

"ನಿನಗ ಯಾರ್ ಹೇಳ್ಯಾರ? ಗುರು, ಲಿಂಗ, ಜಂಗಮ" ಎಂದು ಮೌಶಿ ಅದೇ ಎಲೆಗಳನ್ನು ತಿರುಗಿ ಮುಟ್ಟುತ್ತಿದ್ದಳು.

"ಹಂಗಾದ್ರ ಗಿಡಕ್ಕೇ ಕೇಳು."

"ಕೇಳ್ದೆ. ನಮ್ಮ ಕಡಿನೇ ಅದ ಅಂತು."

ಯಾರೂ ಸೋಲುತ್ತಿರಲಿಲ್ಲ. ಕಡೆಗೆ ಆ ಮೂರು ಎಲೆಗಳನ್ನು ಹಂಚಿಕೊಳ್ಳುತ್ತಿದ್ದರು. ನಡುವಿನ ಎಲೆ ದೊಡ್ಡದು, ದುಂಡಗೆ, ಎರಡೂ ಬದಿ ಸಮ. ಅದು ಅವ್ವನ ಪಾಲು. ಪಕ್ಕದ ಎರಡು ಎಲೆ ಒಂದು ಕಡೆಗೆ ವಾರೆಯಾಗಿರುತ್ತವೆ. ಅವು ಮೌಶಿಯ ಪಾಲು. ಅವ್ವ ದುಂಡು ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಹಂಚಿಕಡ್ಡಿಯ ಸಣ್ಣ ಚೂರುಗಳನ್ನು ಚುಚ್ಚಿ ಮುರಿದು, ಪತ್ರೋಳಿಯ ನಡುಭಾಗವನ್ನು ಬಿಗಿಯಾಗಿ ಹಚ್ಚುತ್ತಿದ್ದಳು. ಬೆಳಕಿಗೆ ಹಿಡಿದರೆ ಒಂದು ಸೂಜಿಮೊನೆಯಷ್ಟೂ ತೂತು ಕಾಣಬಾರದು. ಹಿಡಿದು ನೋಡಿ ಎದುರಿಗೆ ಎಸೆಯುತ್ತಿದ್ದಳು. ಮೌಶಿ ಅದನ್ನು ಎತ್ತಿಕೊಂಡು ವಾರೆ ಎಲೆಗಳನ್ನು ಸುತ್ತಲೂ ಬಳಸಿ, ತುದಿಯನ್ನು ಒಳಕ್ಕೆ ಮಡಚಿ, ಬೇಳೆ ಹರಿದು ಹೋಗದಂತೆ ಅಂಚು ಏಳಿಸುತ್ತಿದ್ದಳು. ನಡು ಅವ್ವನದು, ಅಂಚು ಮೌಶಿಯದು. ಒಬ್ಬಳೇ ಕೂತು ಪೂರ್ತಿ ಪತ್ರೋಳಿ ಹಚ್ಚಿದ್ದನ್ನು ನಾನು ನೋಡಿಲ್ಲ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಆ ದಿನ ಎಲೆಗೆ ನೀರು ಚಿಮುಕಿಸಿ ಮುಚ್ಚಿಡುತ್ತಿದ್ದಳೇ ಹೊರತು ಕಡ್ಡಿ ಹಿಡಿಯುತ್ತಿರಲಿಲ್ಲ.

ಹಚ್ಚಿದ ಪತ್ರೋಳಿಗಳ ಮೇಲೆ ಬೀಸುವ ಕಲ್ಲು ಹೇರಿ ಇಡುತ್ತಿದ್ದರು. ಶ್ರಾವಣದಲ್ಲಿ ಮೌಶಿಯ ಮನೆಯ ದಾಸೋಹಕ್ಕೆ ಮೊದಲ ಪಾಲು ಹೋಗುತ್ತಿತ್ತು. ನಾವೆಲ್ಲ ಅಲ್ಲಿ ಪಂಕ್ತಿಯಲ್ಲಿ ಕೂತು ಹುಗ್ಗಿ ಉಣ್ಣುತ್ತಿದ್ದೆವು. ಮಳೆ ನಿಂತ ಮೇಲೆ ನಮ್ಮ ಸುಗ್ಗಿ ಹಬ್ಬ. ಮಂದಿ ದೇವರಿಗೆಂದು ತಂದ ಜೋಳ, ಕುಂಬಳಕಾಯಿ, ಕೋಳಿಗಳ ನಡುವೆ ಪ್ರಾರ್ಥನೆ ಮುಗಿಸಿ ಅಂಗಳದಲ್ಲಿ ಊಟ. ಅವತ್ತು ಮೌಶಿ ಬಂದು ದೂರ ಕೂತು ತನ್ನ ಅಂಚುಗಳು ಹೇಗೆ ನಿಂತಿವೆ ಎಂದು ಪಂಕ್ತಿ ಪೂರ್ತಿ ಕಣ್ಣಾಡಿಸುತ್ತಿದ್ದಳು. ನಮ್ಮ ಮನೆಯ ಮಾಂಸದ ಅಡುಗೆ ಆಕೆ ಮುಟ್ಟುತ್ತಿರಲಿಲ್ಲ. ಆಕೆಗಾಗಿ ಅವ್ವ ಬೇರೆ ಒಲೆಯಲ್ಲಿ ಶೇಂಗಾ ಹೋಳಿಗೆ ಮಾಡಿ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದಳು.

ಹೋಳಿಗೆ ಒಂದೇ ಅಲ್ಲ, ಆ ದಿನಗಳಲ್ಲಿ ಊರೇ ಎಲೆಯಲ್ಲಿ ಸುತ್ತಿಕೊಂಡಿತ್ತು. ಕಟಕರವನು ಮಾಂಸ ಕಟ್ಟುತ್ತಿದ್ದದ್ದು ಮುತ್ತಲ ಎಲೆಯಲ್ಲಿ, ಬೆಣ್ಣೆಯ ಮುದ್ದೆ ಬರುತ್ತಿದ್ದದ್ದು ಎಲೆಯಲ್ಲಿ, ಔರಾದದ ಸಂತೆಯಿಂದ ಅಪ್ಪ ತರುತ್ತಿದ್ದ ಖೋವಾ ಕೂಡ ಎಲೆಯ ದೊನ್ನೆಯಲ್ಲೇ. ಖೋವಾ ತಿಂದಾದ ಮೇಲೆ ನಾವು ದೊನ್ನೆಯನ್ನು ನೆಕ್ಕುತ್ತಿದ್ದೆವು, ನಾವು ಬಿಟ್ಟದ್ದನ್ನು ಆಡು ತಿನ್ನುತ್ತಿತ್ತು. ಉಂಡ ಪತ್ರೋಳಿಗಳು ತಿಪ್ಪೆಗೆ ಹೋಗಿ, ತಿಪ್ಪೆ ಗೊಬ್ಬರವಾಗಿ ಮೌಶಿಯ ಹೊಲಕ್ಕೆ ಹೋಗುತ್ತಿತ್ತು. ಕಸ ಅನ್ನುವ ಮಾತಿಗೆ ಆಗ ಅಷ್ಟು ಭಾರ ಇರಲಿಲ್ಲ. ಹಳೆಯ ದಿನಗಳೆಲ್ಲ ಬಂಗಾರ ಎಂದು ನಾನು ಹೇಳಲಾರೆ. ಅವ್ವನ ಬೆರಳುಗಳಲ್ಲಿ ಕಡ್ಡಿಯ ಸಿಬಿರು ಸೇರಿ ಕೀವಾಗುತ್ತಿತ್ತು, ನಾನೇ ಸೂಜಿ ಕಾಯಿಸಿ ತೆಗೆಯುತ್ತಿದ್ದೆ. ನರ್ಸ್ ಆಗುವ ಬುದ್ಧಿ ಅಲ್ಲೇ ಹುಟ್ಟಿತೇನೋ.

ಆಮೇಲೆ ಬೆಳ್ಳಿಬಣ್ಣದ ಕಾಗದದ ತಟ್ಟೆ ಬಂತು, ಅದರ ಹಿಂದೆಯೇ ಥರ್ಮಾಕೋಲ್. ನೂರು ಜನಕ್ಕೆ ಬೇಕಾದ ತಟ್ಟೆಗಳನ್ನು ಒಬ್ಬ ಮನುಷ್ಯ ಒಂದು ಕೈಯಲ್ಲಿ ಹಿಡಿದು ಭಾಲ್ಕಿಯಿಂದ ರೈಲಿನಲ್ಲಿ ತರಬಹುದಿತ್ತು. ಮೊದಮೊದಲು ಅವು ಎಲ್ಲರಿಗೂ ಚಂದ ಕಂಡವು. ನನಗೂ ಚಂದ ಕಂಡವು. ಮುಂದೆ ಮೌಶಿಯ ಹೊಲದಲ್ಲಿ ಕುಂಟೆ ಹೊಡೆಯುವಾಗ ಕುಂಟೆಯ ತುದಿಗೆ ಬೆಳ್ಳಿ ತಟ್ಟೆಯ ಚೂರು ಸಿಕ್ಕಿ ಬರುತ್ತಿತ್ತಂತೆ, ಉಂಡವರ ಕೈಗುರುತು ಅದರ ಮೇಲೆ ಇನ್ನೂ ಇದ್ದಷ್ಟು ಹೊಸದಾಗಿ. ಆದರೆ ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ನಾನು ಅವ್ವನನ್ನು ಬೀದರಿಗೆ ಕರೆತಂದಿದ್ದೆ. ಮೌಶಿಯೂ ಗಂಡ ಹೋದ ಮೇಲೆ ಮಗಳ ಊರಾದ ಔರಾದಕ್ಕೆ ಹೋದಳೆಂದು ಯಾರೋ ಮದುವೆಯಲ್ಲಿ ಸಿಕ್ಕವರು ಹೇಳಿದರು.

ಬೀದರಿನಿಂದ ಔರಾದ ಏನು ದೂರ? ಬೆಳಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಹೋಗಿ ಸಂಜೆಗೆ ಮನೆ ಸೇರಬಹುದು. ಆದರೂ ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳೇ ಕಳೆದವು. ಜಗಳವಿಲ್ಲ, ಮುನಿಸಿಲ್ಲ. ಹೋಗೋಣವೇ ಅಂದರೆ ಅವ್ವ ಹೂಂ ಅನ್ನುವಳು. ಹೊರಡುವ ದಿನ ಮೊಣಕಾಲು ನೋವು ಅನ್ನುವಳು. ನನಗೂ ಡ್ಯೂಟಿ, ಮಕ್ಕಳು, ಮನೆ. ಮೊಣಕಾಲು ನೋವೆಂದೇ ನಂಬಿ ಎಣ್ಣೆ ತಿಕ್ಕಿದೆ.

ಹೀಗಿರುವಾಗ ಚರ್ಚಿನ ಹಾಲಿನಲ್ಲಿ ಕಲಿಸುವ ದಿನ ಬಂತು. ಅವ್ವ ಬಿಳಿ ಸೀರೆ ಉಟ್ಟು, ಪೆಟ್ಟಿಗೆಯಲ್ಲಿದ್ದ ಹಬ್ಬದ ಕನ್ನಡಕ ಹಾಕಿಕೊಂಡು ಬಂದಳು. ಸಂಘದ ಹೆಂಗಸರು ಸುತ್ತ ಚಾಪೆಯ ಮೇಲೆ ಕೂತರು, ಕೆಲವರು ಫೋನು ಎತ್ತಿ ಹಿಡಿದರು. ಅವ್ವ ತೊಟ್ಟು ಮುರಿದು ಮೂರು ಎಲೆ ಬೇರೆ ಮಾಡಿದಳು. ದುಂಡು ಎಲೆಗಳನ್ನು ತೊಡೆಯ ಮೇಲಿಟ್ಟುಕೊಂಡು ವಾರೆ ಎಲೆಗಳನ್ನು, ನೋಡದೆಯೇ, ಎದುರಿಗೆ ಖಾಲಿ ಇದ್ದ ಜಾಗಕ್ಕೆ ಎಸೆದಳು. ನಾನು ಅದನ್ನು ಗಮನಿಸಿದೆ, ಆದರೆ ಏನೂ ಅನ್ನಿಸಲಿಲ್ಲ. ಕಡ್ಡಿ ಚುಚ್ಚಿ ಮುರಿಯುವ ಟಕ್ ಟಕ್ ಸದ್ದು ಶುರುವಾಯಿತು. ವಯಸ್ಸಾದ ಕೈ ಎಂದು ಯಾರೂ ಹೇಳುವಂತಿರಲಿಲ್ಲ. ನಡುಭಾಗ ಮುಗಿಯಿತು. ಬೆಳಕಿಗೆ ಹಿಡಿದು ತೋರಿಸಿದಳು. ಒಂದು ತೂತಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಮುಂದಿಂದು ತೋರ್ಸ್ರಿ ಅಜ್ಜಿ" ಎಂದು ಭಾಲ್ಕಿಯ ಶಿಕ್ಷಕಿ ಕೇಳಿದಳು.

ಅವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಳು. ಒಂದು ವಾರೆ ಎಲೆ ಎತ್ತಿಕೊಂಡು ಅಂಚಿಗೆ ಹಿಡಿದಳು, ತಿರುಗಿಸಿದಳು, ಇನ್ನೊಂದು ಕಡೆಯಿಂದ ಹಿಡಿದಳು. ಕಡ್ಡಿ ಚುಚ್ಚಿದಾಗ ಎಲೆ ಸೀಳಿತು. ಮತ್ತೊಂದು ಎತ್ತಿಕೊಂಡಳು. ಅದು ನೆಟ್ಟಗೆ ಕೂತಿತು, ಆದರೆ ತುದಿ ಮಡಚಲಿಕ್ಕೆ ಹೋದಾಗ ಎರಡೂ ಬಿಚ್ಚಿಕೊಂಡವು. ಆಗ ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಕಳೆದುಹೋದ ಮಗು ಜಾತ್ರೆಯಲ್ಲಿ ನೋಡುವ ಹಾಗೆ ನೋಡಿದಳು. ತನಗೆ ಪತ್ರೋಳಿ ಹಚ್ಚಲು ಬರುತ್ತದೆ ಎಂದು ಜೀವಮಾನವಿಡೀ ನಂಬಿದ್ದ ಹೆಂಗಸಿಗೆ, ಅರ್ಧ ಮಾತ್ರ ಬರುತ್ತದೆ ಎಂದು ಅಷ್ಟು ಜನರ ನಡುವೆ ಗೊತ್ತಾಗಿತ್ತು.

"ಅಂಚು ಆಕಿ ಹಚ್ತಿದ್ಳು" ಅಂದಳು ಮೆಲ್ಲಗೆ.

ಯಾರು ಎಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಯಾರೋ ಚಹಾ ತಂದರು, ಮಾತು ಬೇರೆ ಕಡೆ ಹರಿಯಿತು. ಯಾರೂ ನಗಲಿಲ್ಲ, ಅದು ಅವರ ದೊಡ್ಡತನ. ಹಬ್ಬದ ಊಟಕ್ಕೆ ಕಬ್ಬಿನ ತಟ್ಟೆಯನ್ನೇ ತರಿಸುವುದೆಂದು ತೀರ್ಮಾನವಾಯಿತು. ಅದು ಒಳ್ಳೆಯ ತಟ್ಟೆಯೇ, ಮುಂದೆ ಹಬ್ಬದಲ್ಲಿ ನಾನೂ ಅದರಲ್ಲೇ ಉಂಡೆ, ಉಂಡಾದ ಮೇಲೆ ಚರ್ಚಿನ ಹಿಂದೆ ಗುಂಡಿ ತೆಗೆಸಿ ಎಲ್ಲವನ್ನೂ ಹೂಳಿಸಿದೆ. ಆದರೆ ಆ ಸಂಜೆ ನನಗೆ ತಟ್ಟೆಯ ಚಿಂತೆ ಇರಲಿಲ್ಲ.

ಅವ್ವ ಊಟ ಬಿಟ್ಟಳು. ಅರ್ಧ ಪತ್ರೋಳಿಯನ್ನು ಚರ್ಚಿನಲ್ಲಿ ಬಿಡದೆ ಮನೆಗೆ ತಂದಿದ್ದಳು, ಅದನ್ನೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನಗೆ ಸಿಟ್ಟು ಬಂತು. ನನಗೆ ದುಃಖ ಬಂದರೆ ಮೊದಲು ಸಿಟ್ಟಾಗಿಯೇ ಬರುವುದು.

"ಅಂಚು ಅಷ್ಟ್ ಬೇಕಿದ್ರ ಆಕಿ ಹಂತ್ಯಾಕ ಹೋಗಬೇಕಿತ್ತಿಲ್ಲ? ಔರಾದ ಏನ್ ದಿಲ್ಲಿ ಏನು?" ಅಂದೆ. "ಇಷ್ಟ್ ವರ್ಷ ಯಾಕ ಹೋಗ್ಲಿಲ್ಲ?"

"ಖಾಲಿ ಕೈಲೆ ಹ್ಯಾಂಗ ಹೋಗ್ಲಿ?"

"ಬಾಳಿಹಣ್ಣು ತಗೊಂಡು ಹೋಗು. ಬಿಸ್ಕೀಟು ತಗೊಂಡು ಹೋಗು."

"ಹಣ್ಣಿಂದಲ್ಲ. ಕೆಲಸ ಇರಬೇಕು ಕೈಯಾಗ."

ಆಗ ನನಗೆ ನೆನಪಾಯಿತು. ಹಲಬರ್ಗಾದ ನಮ್ಮ ಓಣಿಯಲ್ಲಿ ಹೆಂಗಸರು ಒಬ್ಬರ ಮನೆಗೆ ಒಬ್ಬರು ಸುಮ್ಮನೆ ಹೋಗುತ್ತಿರಲಿಲ್ಲ. ಮೊರದಲ್ಲಿ ಆರಿಸಬೇಕಾದ ಜೋಳ, ಕೌದಿಗೆ ಹಳೆಯ ಸೀರೆಯ ತುಂಡು, ಎಲೆಯ ಕಟ್ಟು, ಏನಾದರೂ ಹಿಡಿದೇ ಹೊಸ್ತಿಲು ದಾಟಬೇಕು. ಬರಿಗೈಯಲ್ಲಿ ಬಂದವಳು ಮಾತು ಹೊರಲಿಕ್ಕೆ ಬಂದಳು ಎಂದು ಅತ್ತೆಯರು ಅನ್ನುತ್ತಿದ್ದರು. ಅತ್ತೆಯರೆಲ್ಲ ಸತ್ತು ಎಷ್ಟೋ ಕಾಲವಾಗಿದೆ. ಆದರೆ ಆ ಮಾತು ಅವ್ವನ ಕಾಲಿಗೆ ಇನ್ನೂ ಕಟ್ಟಿಕೊಂಡಿತ್ತು. ಪತ್ರೋಳಿ ನಿಂತ ದಿನ ಅವಳಿಗೆ ಮೌಶಿಯ ಮನೆಗೆ ಹೋಗುವ ದಾರಿಯೇ ನಿಂತುಹೋಗಿತ್ತು. ಬೆಳ್ಳಿ ತಟ್ಟೆ ನಮ್ಮ ಹೊಲ ಕೆಡಿಸಿತು, ಹಳ್ಳ ಕೆಡಿಸಿತು ಎಂದು ನಾನು ಸಭೆಯಲ್ಲಿ ಮಾತಾಡುತ್ತಿದ್ದೆ. ಇದು ನನಗೆ ಹೊಳೆದಿರಲಿಲ್ಲ. ಅವ್ವನ ಪಕ್ಕದಲ್ಲಿ ಕೂತೆ.

"ನಾಡ್ದು ಹೋಗೂಣು" ಅಂದೆ. "ಎಲಿ ಇನ್ನಾ ಅವ. ನಡು ಹಚ್ಕೊಂಡು ಹೋಗು."

ಮರುದಿನವೆಲ್ಲ ಟಕ್ ಟಕ್ ಸದ್ದು. ಚರ್ಚಿನಲ್ಲಿ ಉಳಿದಿದ್ದ ಎಲೆಯನ್ನು ನಾನೇ ಹೋಗಿ ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದೆ. ಅವ್ವ ನಡುಭಾಗಗಳನ್ನು ಹಚ್ಚಿ ಹಚ್ಚಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ವಾರೆ ಎಲೆಗಳನ್ನು ಬೇರೆ ಕಟ್ಟು ಕಟ್ಟಿದಳು. ನಾನು ಹಲಬರ್ಗಾದಲ್ಲಿದ್ದ ಹಳೆಯ ಗೆಳತಿಗೆ ಫೋನು ಮಾಡಿ ಮೌಶಿಯ ಮಗಳ ಮನೆ ಎಲ್ಲಿದೆ ಎಂದು ಕೇಳಿಕೊಂಡೆ. ಮೌಶಿ ಹೇಗಿದ್ದಾಳೆ ಎಂದು ಕೇಳಲು ಧೈರ್ಯವಾಗಲಿಲ್ಲ. ಇದ್ದಾಳೆ ಎಂದು ಆಕೆ ಹೇಳಿದ್ದೇ ಸಾಕಾಯಿತು.

ಔರಾದದ ಬಸ್ಸಿನಲ್ಲಿ ಅವ್ವ ಕಟ್ಟನ್ನು ಮೇಲೆ ಇಡಗೊಡಲಿಲ್ಲ. ತೊಡೆಯ ಮೇಲೇ ಇಟ್ಟುಕೊಂಡಳು. ಕಂಡಕ್ಟರ್ "ಏನದ ಅಜ್ಜಿ?" ಎಂದು ಕೇಳಿದ.

"ಕೆಲಸ ಅದಪ್ಪಾ" ಅಂದಳು, ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರುಗಳೂ ಅಷ್ಟು ಠೀವಿಯಿಂದ ಹೇಳುತ್ತಿರಲಿಲ್ಲ.

ದಾರಿಯ ಎರಡೂ ಬದಿಗೆ ಕೆಂಪು ಮಣ್ಣು ಮುಗಿದು ಕಪ್ಪು ಮಣ್ಣು ಬಂತು, ತೊಗರಿ ಹೊಲ ಬಂತು, ಅಲ್ಲಲ್ಲಿ ಮುತ್ತಲ ಗಿಡಗಳು. ಅವ್ವ ಕಿಟಕಿಯಿಂದ ಅವುಗಳ ಎಲೆ ಬಲಿತಿದೆಯೋ ಇಲ್ಲವೋ ನೋಡುತ್ತ ಬಂದಳು. ಮೊಣಕಾಲಿನ ಮಾತು ಒಮ್ಮೆಯೂ ಎತ್ತಲಿಲ್ಲ.

ಮೌಶಿಯ ಮಗಳ ಮನೆ ಸಿಗಲು ಕಷ್ಟವಾಗಲಿಲ್ಲ. ಮೌಶಿ ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಹಾಕಿ ಕೂತಿದ್ದಳು. ಎತ್ತರವೆಲ್ಲ ಬಾಗಿ ಹೋಗಿತ್ತು. ವಿಭೂತಿ ಮಾತ್ರ ಹಾಗೆಯೇ ಮೂರು ಗೆರೆ ಸ್ಪಷ್ಟ. ಅವ್ವ ಅಂಗಳದಲ್ಲಿ ನಿಂತಳು. ಮೌಶಿ ಕಣ್ಣು ಕಿರಿದು ಮಾಡಿ ನೋಡಿದಳು, ಆಮೇಲೆ ಮುಖಕ್ಕಿಂತ ಮೊದಲು ಕೈಯಲ್ಲಿದ್ದ ಕಟ್ಟು ನೋಡಿದಳು.

"ಎಲಿ ತಂದೀ?" ಅಂದಳು.

"ಹ್ಞೂಂ. ತಂದೀನಿ."

"ಬಾ. ಕುಂದ್ರು."

ಅಷ್ಟೇ. ನಾನು ಅಪ್ಪಿಕೊಂಡು ಅಳುತ್ತಾರೆಂದು ಕಾದಿದ್ದೆ, ಕರವಸ್ತ್ರವನ್ನೂ ತೆಗೆದು ಹಿಡಿದಿದ್ದೆ. ಅವರಿಬ್ಬರೂ ನಿನ್ನೆ ಸಂಜೆ ಬಿಟ್ಟುಹೋದ ಕೆಲಸಕ್ಕೆ ಇವತ್ತು ಕೂತವರ ಹಾಗೆ ಕೂತರು. ಮಗಳು ಒಳಗಿಂದ ನೀರು ತಂದುಕೊಟ್ಟಳು. ಕರವಸ್ತ್ರ ನನಗೇ ಬೇಕಾಯಿತು.

ಅವ್ವ ಕಟ್ಟು ಬಿಚ್ಚುವ ಮೊದಲು ಆಕೆಯ ಕಣ್ಣು ಮೌಶಿಯ ಪಕ್ಕದಲ್ಲಿದ್ದ ಬುಟ್ಟಿಯ ಮೇಲೆ ಬಿತ್ತು. ಅದರ ತುಂಬ ಪತ್ರೋಳಿಗಳಿದ್ದವು. ಪೂರ್ತಿ ಪತ್ರೋಳಿಗಳು. ಅವ್ವ ಒಂದನ್ನು ಎತ್ತಿಕೊಂಡಳು, ಮಗುಚಿ ಹಾಕಿ ಕಡ್ಡಿಗಳನ್ನು ಬೆರಳಿಂದ ಸವರಿದಳು, ಬೆಳಕಿಗೆ ಹಿಡಿದಳು.

"ನಡು ಯಾರು ಹಚ್ಯಾರ?"

"ನಾನೇ."

"ನಿನಗ ನಡು ಬರ್ತದ?"

"ಬರ್ತದ" ಅಂದಳು ಮೌಶಿ.

ಅವ್ವ ಪತ್ರೋಳಿಯನ್ನು ಬುಟ್ಟಿಯಲ್ಲಿ ಇಟ್ಟಳು. ಬಿಚ್ಚಬೇಕೆಂದಿದ್ದ ಕಟ್ಟಿನ ಗಂಟನ್ನು ಮತ್ತೆ ಬಿಗಿದಳು. "ಬಸ್ಸು ಯಾವಾಗ ಅದ ನೋಡು" ಎಂದು ನನಗೆ ಹೇಳಿದಳು. ಅವಳಿಗೆ ಆದ ನೋವು ನನಗೆ ಅಲ್ಲೇ ಅರ್ಥವಾಯಿತು. ತಾನಿಲ್ಲದೆ ಮೌಶಿಯ ಪತ್ರೋಳಿ ನಡೆಯುವುದಿಲ್ಲ, ತಾನು ಹೋಗುವವರೆಗೆ ಆಕೆಯ ಕೈಯಲ್ಲಿ ಅಂಚು ಮಾತ್ರ ಇರುತ್ತದೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದಳು. ಮೌಶಿ ಅರ್ಧಕ್ಕೆ ಕಾಯದೆ ಪೂರ್ತಿ ಕಲಿತುಬಿಟ್ಟಿದ್ದಳು. ನನಗೂ ಆ ಕ್ಷಣಕ್ಕೆ ಮೌಶಿಯ ಮೇಲೆ ಕೋಪ ಬಂತು, ಸುಳ್ಳು ಯಾಕೆ ಹೇಳಲಿ.

"ಬಸ್ಸು ಎಲ್ಲಿಗಿ ಓಡಿ ಹೋಗ್ತದ? ಕುಂದ್ರು" ಅಂದಳು ಮೌಶಿ. "ಹಲಬರ್ಗಾ ಬಿಟ್ಟು ಇಲ್ಲಿಗಿ ಬಂದೆ. ಇಲ್ಲಿ ಪೂಜಾಕ, ದಾಸೋಹಕ ಇನ್ನಾ ಎಲಿ ಬೇಕಂತಾರ ಮಂದಿ. ಅಂಚು ಹಚ್ಕೋತ ಕೂತರ ನಡು ಎಲ್ಲಿಂದ ತರ್ಲಿ? ಮೊದಲ ಹಚ್ಚಿದ್ದು ಬರೇ ತೂತು. ಬ್ಯಾಳಿ ಸೋರಿ ಮಂದಿ ಧೋತ್ರದ ಮ್ಯಾಲ ಬಿತ್ತು. ನನ್ನ ಮಗಳು ನಕ್ಕಳು."

ಅವ್ವ ಗಂಟಿನ ಮೇಲಿನ ಕೈ ತೆಗೆಯಲಿಲ್ಲ.

"ಕಣ್ಣು ಮುಚ್ಕೊಂಡು ಕೂಡ್ತಿದ್ದೆ. ನಿನ್ನ ಕೈ ಹ್ಯಾಂಗ ಆಡ್ತಿತ್ತು ಅಂತ ನೆನಪು ತಕ್ಕೋತಿದ್ದೆ. ಹೆಬ್ಬೆರಳು ಎಲ್ಲಿ ಇಡ್ತಿದ್ದಿ, ಕಡ್ಡಿ ಎತ್ತ ಕಡಿಂದ ಚುಚ್ತಿದ್ದಿ. ಹಂಗ ನೋಡಿ ನೋಡಿ ಕಲ್ತೆ. ಮತ್ಯಾರ್ ಕಲಸ್ಯಾರ ನನಗ? ನೀನೇ ಕಲಸೀದಿ." ಮೌಶಿಯ ದನಿ ಸ್ವಲ್ಪ ಗಡುಸಾಯಿತು. "ನೀ ಬರ್ತಿ ಅಂತ ದಾರಿ ನೋಡ್ದೆ. ನೀ ಬರ್ಲಿಲ್ಲ."

"ನೀ ಭಿ ಬರ್ಲಿಲ್ಲ" ಅಂದಳು ಅವ್ವ.

"ಬೀದರಿಗಿ ಏನ್ ತಗೊಂಡು ಬರ್ಲಿ? ಅಲ್ಲಿ ಯಾರು ಎಲಿ ಮ್ಯಾಲ ಉಣ್ತಾರ?"

ನನ್ನ ಹತ್ತಿರ ಫೋನಿತ್ತು, ಮೌಶಿಯ ಮಗಳ ಹತ್ತಿರ ಫೋನಿತ್ತು, ದಿನವೂ ಬಸ್ಸುಗಳು ಓಡಾಡುತ್ತಿದ್ದವು. ಇಬ್ಬರೂ ಕೈಯಲ್ಲಿ ಕೆಲಸವಿಲ್ಲವೆಂದು ಎರಡು ಊರುಗಳಲ್ಲಿ ಕೂತು ಕಾದಿದ್ದರು. ಇಂಥ ಹಟಮಾರಿಗಳನ್ನು ನಾನು ಯಾವ ವಾರ್ಡಿನಲ್ಲೂ ಕಂಡಿರಲಿಲ್ಲ. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ, ಮೌಶಿಯ ಮಗಳು ನನ್ನ ಮೊಣಕೈ ಹಿಡಿದು ಬೇಡ ಎಂದು ಸನ್ನೆ ಮಾಡಿದಳು. ನಾವಿಬ್ಬರೂ ಹೊಸ್ತಿಲಲ್ಲಿ ಕೂತು ಚಹಾ ಕುಡಿದೆವು.

ಅವ್ವ ಕೊನೆಗೂ ಗಂಟು ಬಿಚ್ಚಿದಳು. ಚರ್ಚಿನ ಹಾಲಿನಲ್ಲಿ ನಡೆದದ್ದನ್ನು ತಾನೇ ಹೇಳಿದಳು, ಒಂದನ್ನೂ ಮುಚ್ಚಿಡದೆ. ಎಲೆ ಸೀಳಿದ್ದು, ಬಿಚ್ಚಿಕೊಂಡದ್ದು, ಮಂದಿ ಸುಮ್ಮನಾದದ್ದು. ಮೌಶಿ ನಗುತ್ತಾಳೆಂದು ನಾನು ಕಾದೆ. ಆಕೆ ನಗಲಿಲ್ಲ. ನಾವು ಬಂದಾಗ ಹಚ್ಚುತ್ತಿದ್ದ ನಡುಭಾಗವೊಂದು ಆಕೆಯ ತೊಡೆಯ ಮೇಲೆ ಅರ್ಧಕ್ಕೆ ನಿಂತಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಅವ್ವ ತಂದ ನಡುಭಾಗಗಳಲ್ಲಿ ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇಕಾ, ಇಲ್ಲಿ ಸರಿ" ಅಂದಳು. "ಅಂಚು ಕಲಸ್ತೇನಿ ನಿನಗ. ಏನ್ ದೊಡ್ಡ ವಿದ್ಯಾ ಅಲ್ಲ. ಸಂಜಿ ಬಸ್ಸಿನ ತನಕ ಬರ್ತದ. ಮತ್ತ ನೀನೂ ಪೂರಾ ಹಚ್ಚಬಹುದು, ಮಂದಿ ಎದುರಿಗಿ ಅಂಜಬೇಕಾಗಿಲ್ಲ."

ವಾರೆ ಎಲೆಯೊಂದನ್ನು ಅವ್ವನ ಕೈಗೆ ಕೊಟ್ಟು, ತನ್ನ ಕೈಯನ್ನು ಅವ್ವನ ಕೈಯ ಮೇಲೆ ಇಟ್ಟು ತಿರುಗಿಸಲು ಹೊರಟಳು. ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ಒಲ್ಲೆ."

"ಯಾಕ?"

"ಕಲ್ತೆ ಅಂದ್ರ ಮತ್ತ ನಿನ್ನ ಮನಿಗಿ ಏನಂತ ಬರ್ಲಿ ನಾ?"

ಮೌಶಿ ಅವ್ವನ ಮುಖ ನೋಡಿದಳು. ಪಕ್ಕಕ್ಕೆ ಸರಿಸಿದ್ದ ತನ್ನ ಅರ್ಧ ನಡುಭಾಗವನ್ನು ಎತ್ತಿಕೊಂಡು ಅದರ ಕಡ್ಡಿಗಳನ್ನು ಒಂದೊಂದೇ ಕಿತ್ತಳು. ಎಲೆಗಳು ಬಿಡಿಬಿಡಿಯಾದವು. ಅವನ್ನು ಸೆರಗಿನಿಂದ ಒರೆಸಿ, ಕಟ್ಟೆಯ ಮೇಲಿದ್ದ ದುಂಡು ಎಲೆಗಳ ಜೊತೆ ಸೇರಿಸಿ, ಎಲ್ಲವನ್ನೂ ಎರಡೂ ಕೈಯಿಂದ ಅವ್ವನ ಮುಂದಕ್ಕೆ ತಳ್ಳಿದಳು.

"ಹಚ್ಚು" ಅಂದಳು. "ನನಗ ನಡು ಬರಂಗಿಲ್ಲ."